ಅಪ್‌ಡೇಟ್: ಪುಸ್ತಕಗಳ್ಳರ ಕಾದಂಬರಿ ಓದಿ ಮುಗಿಸಿದೆ

ಅಪರೂಪದ ಪುಸ್ತಕಗಳ ಕಳ್ಳತನದ ಬಗ್ಗೆ ಒಳ್ಳೆಯ ಕಾದಂಬರಿ ಯಾವುದು ಎಂದು ಕೇಳಿದ್ದೆ. ನಿಮ್ಮಲ್ಲಿ ಹೆಚ್ಚಿನವರು ಜಾನ್ ಗ್ರಿಶಮ್ ಅವರ ‘ಕ್ಯಾಮಿನೊ ಐಲ್ಯಾಂಡ್’ (2017) ಹೆಸರಿಸಿದಿರಿ. ಬೀದರ್‌ನ ಅಂಗಡಿಗಳಲ್ಲಿ ಸಿಗದೆ ಆನ್‌ಲೈನ್‌ನಲ್ಲಿ ತರಿಸಿಕೊಂಡೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಅಮೆರಿಕದ ಲೇಖಕ ಸ್ಕಾಟ್ ಫಿಟ್ಜೆರಾಲ್ಡ್ ಅವರ ಐದು ಕಾದಂಬರಿಗಳ ಹಸ್ತಪ್ರತಿ ಎಗರಿಸುವ ಆರಂಭಕ್ಕೆ ಎರಡು ಮಾತಿಲ್ಲ. ಆಮೇಲೆ ಕಥೆ ಫ್ಲಾರಿಡಾದ ದ್ವೀಪ ಸೇರಿ ಕಾಲು ಚಾಚಿಬಿಡುತ್ತದೆ: ಊಟ, ವೈನ್, ಲೇಖಕರ ಹರಟೆ. ಕೆಲವರು ಇದನ್ನೇ ದೂರಿದ್ದಿರಿ. ನನಗೆ ಮಾತ್ರ ಪುಸ್ತಕದಂಗಡಿಯ ಬ್ರೂಸ್ ಕೇಬಲ್ ಹಿಡಿಸಿದ. ಮೊದಲ ಮುದ್ರಣಕ್ಕೂ ಲೇಖಕರ ಸಹಿಗೂ ಬೆಲೆ ಏರುವ ವ್ಯಾಪಾರದ ಒಳಗುಟ್ಟು ಕಳ್ಳತನಕ್ಕಿಂತ ರುಚಿಯಾಗಿದೆ.

ಮುಗಿಸಿದ ಮೇಲೆ ನಮ್ಮೂರಿನ ಹಳೆಯ ವಿದ್ಯಾಲಯ, ಮಹಮೂದ್ ಗವಾನ್ ಮದರಸಾಕ್ಕೆ ಹೋಗಿದ್ದೆ (ಊರಿನವರೇ ಅಲ್ಲಿಗೆ ಹೋಗುವುದು ನೆಂಟರು ಬಂದಾಗಲಷ್ಟೇ!). 1472ರ ಆ ಕಟ್ಟಡದ ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಔರಂಗಜೇಬನ ಕಾಲದಲ್ಲಿ ಒಳಗಿದ್ದ ಮದ್ದು ಸಿಡಿದು ಮುಂಭಾಗ ಕುಸಿಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳ ಅಂಕುಡೊಂಕು ಪಟ್ಟಿಗಳು ಈಗಲೂ ಕಾಣುತ್ತವೆ. ಪತ್ತೇದಾರಿ ಲೇಖಕರಿಗೆ ಇದಕ್ಕಿಂತ ಒಳ್ಳೆಯ ತಾಣ ಬೇಕೇ?

ಮುಂದೆ ನಿಜ ಘಟನೆಯ ಪುಸ್ತಕವೊಂದನ್ನು ಸೂಚಿಸಿ. ಅಮೆರಿಕದ ಸ್ಟೀಫನ್ ಬ್ಲೂಮ್‌ಬರ್ಗ್ 1990ರಲ್ಲಿ ಸಿಕ್ಕಿಬಿದ್ದಾಗ ಅವನ ಬಳಿ 20,000ಕ್ಕೂ ಹೆಚ್ಚು ಕದ್ದ ಪುಸ್ತಕಗಳಿದ್ದವಂತೆ. ಅವನ ಕುರಿತದ್ದಿದ್ದರೆ ಇನ್ನೂ ಒಳ್ಳೆಯದು.