ಪದ ಬೇಕು, ಶುಕ್ರವಾರದೊಳಗೆ: ರಿಂಗ್‌ಟೋನ್ ಮತ್ತು ಅದರ ಸುತ್ತಲಿನವು

ಕಿರುಗೆರೆ:
ಹಾಡು ಕತ್ತರಿಸಿ ರಿಂಗ್‌ಟೋನ್ ಮಾಡುವ ಆಂಡ್ರಾಯ್ಡ್ ಆ್ಯಪ್ ಒಂದರ ಕನ್ನಡ ಸಾಲುಗಳಿಗೆ ಶುಕ್ರವಾರ ಸಂಜೆ ಬೀಗ, ಆಮೇಲೆ ತಿದ್ದುವಂತಿಲ್ಲ. ಉಳಿಸುವ ಪರದೆಯೊಂದೇ ಬಾಕಿ. ಅಲ್ಲಿ ಒಂದರ ಕೆಳಗೊಂದು ನಾಲ್ಕು ಆಯ್ಕೆ: ರಿಂಗ್‌ಟೋನ್, ನೋಟಿಫಿಕೇಶನ್, ಅಲಾರಂ, ಸಂಗೀತ. ಹಿಂದಿನ ಪರದೆಯಲ್ಲಿ ಸದ್ದನ್ನು ಮೆಲ್ಲಗೆ ಏರಿಸುವ, ಇಳಿಸುವ ಫೇಡ್ ಇನ್, ಫೇಡ್ ಔಟ್‌ಗೂ ಪದ ಬೇಕು. ಬಟನ್‌ನಲ್ಲಿ ಹನ್ನೆರಡು ಅಕ್ಷರ ಹಿಡಿಯುತ್ತದೆ. ಎರಡು ಒತ್ತು ಒಂದರ ಕೆಳಗೊಂದು ಬಂದರೆ ಕೆಳಗಿನದು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಕರೆಗಂಟೆ, ಕರೆದನಿ, ಕರೆಯುಲಿ ಇಷ್ಟು ಕೈಯಲ್ಲಿವೆ. ಯಾವುದು?

ಅಚ್ಚಗನ್ನಡಿಗ:
ಕರೆಯುಲಿ. ಮೊಬೈಲಿಗೆ ಅಲೆಯುಲಿ ಎಂದು ಬರೆಯುವವರು ಆಗಲೇ ಇದ್ದಾರೆ, ಇದು ಅದರ ಜೋಡಿ. ಫೇಡ್ ಇನ್ ಏರುಲಿ, ಫೇಡ್ ಔಟ್ ಇಳಿಯುಲಿ. ಯಾರಾದರೂ ‘ಕರೆಧ್ವನಿ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ಚರ್ಚೆ ಬೇಕಿಲ್ಲ.

ಅಡಿಟಿಪ್ಪಣಿ:
ಕರೆಗಂಟೆ ಬಾಗಿಲ ಪಕ್ಕದ ಗುಂಡಿಗೆ ಎಂದೋ ಮೀಸಲಾಗಿದೆ, ಬಿಡಿ. ಕರೆದನಿಯನ್ನು ಅವಸರದಲ್ಲಿ ಓದಿ ನೋಡಿ, ‘ಕರೆದನು’ ಅನ್ನಿಸುತ್ತದೆ. ಸಣ್ಣ ಪರದೆಯಲ್ಲಿ ಯಾರೂ ಪದ ಒಡೆದು ಓದುವುದಿಲ್ಲ.

ಕಿವಿಗೊಟ್ಟವ:
ಕರೆಯುಲಿ ಅಂದರೆ ಯಾರಿಗೆ ಕೇಳುವ ಉಲಿ? ಕರೆ ಬಂದವನ ಫೋನಿನಲ್ಲಿ ಮೊಳಗುವುದು ರಿಂಗ್‌ಟೋನ್. ಅದೊಂದು ಕಡತ, ಆ ಫೋನಿನೊಳಗೇ ಇರುತ್ತದೆ. ಕರೆ ಮಾಡಿದವನ ಕಿವಿಗೆ ಬೀಳುವುದು ಕಾಲರ್ ಟ್ಯೂನ್. ಅದನ್ನು ನುಡಿಸುವುದು ನೆಟ್‌ವರ್ಕ್, ಬದಲಿಸಬೇಕಾದರೆ ಸಿಮ್ ಕಂಪನಿಯ ಮೂಲಕವೇ ಹೋಗಬೇಕು. 2020ರಲ್ಲಿ ದೇಶವೆಲ್ಲ ಕೇಳಿದ ಕೆಮ್ಮು ಈ ಎರಡನೆಯದು. ‘ಕರೆ’ ಇಟ್ಟು ಕಟ್ಟಿದ ಯಾವ ಪದವೂ ಇವೆರಡನ್ನು ಬೇರೆ ಮಾಡುವುದಿಲ್ಲ. ‘ಹಾಡು ಹಾಕಿದ್ದೇನೆ, ಫೋನ್ ಮಾಡಿದವರಿಗೆ ಕೇಳಿಸುತ್ತಿಲ್ಲ’ ಎಂಬ ದೂರು ಹುಟ್ಟುವುದೇ ಇಲ್ಲಿ.

ಆ ನಾಲ್ಕು ಆಯ್ಕೆಯ ಪಟ್ಟಿಯಲ್ಲಿ ತಪ್ಪು ಒತ್ತಿದರೂ ಪೆಟ್ಟಿದೆ. ಆಂಡ್ರಾಯ್ಡ್‌ನಲ್ಲಿ ಕರೆ, ನೋಟಿಫಿಕೇಶನ್, ಅಲಾರಂ ಈ ಮೂರು ಸದ್ದಿಗೂ ಬೇರೆ ಬೇರೆ ಫೋಲ್ಡರ್ ಇದೆ, ಆ ಹೆಸರುಗಳು ರೋಮನ್ ಅಕ್ಷರದಲ್ಲೇ ಉಳಿಯಬೇಕು. ಕಡತದ ದಾರಿಯೊಳಗಿನ ಹೆಸರನ್ನು ಉತ್ಸಾಹದಲ್ಲಿ ಕನ್ನಡಿಸಿದರೆ ಫೋನಿನ ರಿಂಗ್‌ಟೋನ್ ಪಟ್ಟಿಯಲ್ಲಿ ಹಾಡು ಕಾಣಿಸುವುದೇ ಇಲ್ಲ. ಇನ್ನು, ಓಜಿಜಿ ಎಂಬ ಬಗೆಯ ಆಡಿಯೊ ಕಡತಕ್ಕೆ ಆಂಡ್ರಾಯ್ಡ್ ಲೂಪ್ ಎಂಬ ಟ್ಯಾಗ್ ಅಂಟಿಸಿದರೆ ಸದ್ದು ನಡುವೆ ಬಿಡುವಿಲ್ಲದೆ ಸುತ್ತುತ್ತದೆ, ಕರೆಗೆ ಅದೇ ಬೇಕು. ಅದೇ ಕಡತವನ್ನು ನೋಟಿಫಿಕೇಶನ್‌ಗೆ ಇಟ್ಟರೆ ಒಂದು ಮೆಸೇಜ್ ಬಂದಾಗ ಶುರುವಾದದ್ದು ಪರದೆ ಎಳೆದು ನೋಡುವವರೆಗೂ ನಿಲ್ಲುವುದಿಲ್ಲ. ಎಂಪಿ3 ಆದರೆ ಇನ್ನೊಂದು ತೊಂದರೆ. ಅದು 1152 ಸ್ಯಾಂಪಲ್‌ಗಳ (ಸದ್ದಿನ ಕಿರು ತುಣುಕುಗಳ) ಚೌಕಟ್ಟುಗಳಲ್ಲಿ ಕೂರುತ್ತದೆ, ತುದಿ ತುಂಬಿಸಲು ಮೌನ ಸೇರಿಕೊಳ್ಳುತ್ತದೆ, ತಾಳದ ಹಾಡು ಸುತ್ತುವಾಗ ಪ್ರತಿ ಸಲವೂ ಎಡವಿದಂತೆ ಕೇಳುತ್ತದೆ.

ಏರುಲಿಗೂ ಒಂದು ಮಾತು. ಒಂದು ಸೆಕೆಂಡಿನ ಮೆಸೇಜ್ ಸದ್ದಿಗೆ ಎರಡು ಸೆಕೆಂಡಿನ ಫೇಡ್ ಇನ್ ಕೊಟ್ಟರೆ ಸದ್ದು ಏರುವಷ್ಟರಲ್ಲಿ ಮುಗಿದಿರುತ್ತದೆ. ಅಲ್ಲಿ 10–20 ಮಿಲಿಸೆಕೆಂಡ್ ಸಾಕು, ಕತ್ತರಿಸಿದ ಜಾಗದ ‘ಟಿಕ್’ ಅಡಗಲಷ್ಟೇ.

ಧಾತುಪಾಠಿ:
ಎಲ್ಲರೂ ಮೂಲವನ್ನು ಬಿಟ್ಟು ಮಾತಾಡುತ್ತಿದ್ದೀರಿ. ಟೋನ್ ಗ್ರೀಕಿನ ತೋನೋಸ್‌ನಿಂದ ಬಂದದ್ದು, ಎಳೆದು ಬಿಗಿ ಮಾಡಿದ್ದು ಎಂದರ್ಥ. ಸಂಸ್ಕೃತದ ತನ್ ಧಾತುವೂ ಅದೇ ಬೇರಿನದು, ಅದರಿಂದಲೇ ತಾನ. ಆದ್ದರಿಂದ ಕರೆತಾನ. ಹೊರಗಿನಿಂದ ತರುವ ಪ್ರಮೇಯವೇ ಇಲ್ಲ.

ಅಡಿಟಿಪ್ಪಣಿ:
ಬೇರು ಒಂದಾದರೆ ಕೊಂಬೆಯೂ ಒಂದೇ? ತಾನ ಎಂದರೆ ಸಂಗೀತ ಬಲ್ಲವರಿಗೆ ರಾಗಕ್ಕೂ ಪಲ್ಲವಿಗೂ ನಡುವಿನದು. ಅರಿಯದವರಿಗೆ ‘ತಾನು’. ಬೇಡ.

ಧಾತುಪಾಠಿ:
ಹಾಗಾದರೆ ರಿಂಗಣ. ಪತ್ರಿಕೆಯವರು ‘ಫೋನ್ ರಿಂಗಣಿಸಿತು’ ಎಂದು ಬರೆಯುತ್ತಲೇ ಇದ್ದಾರೆ.

ಅಡಿಟಿಪ್ಪಣಿ:
ಸಂಸ್ಕೃತದ ರಿಂಗಣ ಮಗು ಅಂಬೆಗಾಲಿಡುವುದು, ಕನ್ನಡದ್ದು ಕುಣಿತ. ಇಂಗ್ಲಿಷಿನ ರಿಂಗ್ ಜೊತೆ ಪ್ರಾಸ ಬಿದ್ದಿತೆಂದು ಅದು ಫೋನಿನೊಳಗೆ ಬಂತು. ಮನೆಯಲ್ಲಿ ಜನ ಹೇಳುವುದು ‘ಫೋನ್ ಬಡ್ಕೋತಿದೆ ನೋಡು’. ರಿಂಗಣಿಸುವುದು ಧಾರಾವಾಹಿ ಕಾದಂಬರಿಯಲ್ಲಿ ಮಾತ್ರ.

ಅಚ್ಚಗನ್ನಡಿಗ:
ಅಂದರೆ ಕೊನೆಗೆ ಇಂಗ್ಲಿಷನ್ನೇ ಉಳಿಸಿಕೊಳ್ಳೋಣ ಎನ್ನುವಿರಿ. ಇದೇ ಸೋಮಾರಿತನದಿಂದ ನೋಟಿಫಿಕೇಶನ್ ‘ಅಧಿಸೂಚನೆ’ಯಾಗಿ ಕೂತಿದೆ. ಗೆಜೆಟ್‌ನಲ್ಲಿ ಹೊರಡುವ ಪದ ಈಗ ಅತ್ತೆಯ ಗುಡ್ ಮಾರ್ನಿಂಗ್ ಮೆಸೇಜಿಗೂ ಹೊರಡುತ್ತದೆ.

ಕಿವಿಗೊಟ್ಟವ:
ಅಧಿಸೂಚನೆ ಕೆಟ್ಟಿದೆ, ಒಪ್ಪಿದೆ. ಆದರೆ ಅದು ಕೆಟ್ಟದ್ದು ಎರವಲಿನಿಂದಲ್ಲ, ಎರವಲು ತರಲಾರದೆ ಕಚೇರಿಯಿಂದ ಪದ ಎತ್ತಿ ತಂದದ್ದರಿಂದ. ಅರ್ಜಿ, ತಕರಾರು, ಮೇಜು, ಸಾಬೂನು ಇವೆಲ್ಲ ಯಾರ ಅಪ್ಪಣೆ ಕೇಳಿ ಬಂದವು? ಇವಕ್ಕೆ ವಿಭಕ್ತಿ ಹತ್ತಿತು, ಅಷ್ಟೇ ಸಾಕಾಯಿತು. ‘ರಿಂಗ್‌ಟೋನನ್ನು ಬದಲಿಸು’ ಎಂಬಲ್ಲಿ ನಾಲಿಗೆ ಎಲ್ಲಿ ತಡವರಿಸುತ್ತದೆ, ಹೇಳಿ.

ಅಚ್ಚಗನ್ನಡಿಗ:
ಮೇಜಿಗೆ ಕನ್ನಡದಲ್ಲಿ ಪದ ಇರಲಿಲ್ಲ. ಉಲಿ ಇದೆ. ಇರುವುದನ್ನು ಬಿಟ್ಟು ತರುವುದಕ್ಕೆ ಎರವಲು ಎನ್ನಬೇಡಿ.

ಧಾತುಪಾಠಿ:
ಗಂಟೆಯೂ ಘಂಟಾ ಎಂಬುದರ ತದ್ಭವ ಎಂದು ನೆನಪಿಸಲೇ?

ಅಡಿಟಿಪ್ಪಣಿ:
ಬೇಡ.

ತುದಿನುಡಿ:
ಐಫೋನ್ ಆವೃತ್ತಿಯೂ ಬರುವುದಿದ್ದರೆ ಸಹಾಯದ ಸಾಲುಗಳನ್ನು ಬೇರೆಯೇ ಬರೆಯಿರಿ. ಅಲ್ಲಿ ರಿಂಗ್‌ಟೋನಿಗೆ ಬಳಸುವ ಎಂ4ಆರ್ ಎಂಬುದು ಎಂ4ಎ ಕಡತವೇ, ಹೆಸರಿನ ಬಾಲ ಮಾತ್ರ ಬೇರೆ. ಕಂಪ್ಯೂಟರಿನಿಂದ ಹಾಕುವಾಗ 40 ಸೆಕೆಂಡ್ ಮೀರಬಾರದು. ಆ್ಯಪಲ್‌ನ ಸಂಗೀತದ ಆ್ಯಪ್ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಮಾಡಿದರೆ 30ಕ್ಕೆ ಅದೇ ಕತ್ತರಿಸುತ್ತದೆ. ಚಂದಾ ಕಟ್ಟಿ ಕೇಳುವ ಹಾಡಿಗೆ ಬೀಗ ಇರುವುದರಿಂದ ಅದು ಆಯ್ಕೆಗೇ ಸಿಗುವುದಿಲ್ಲ, ಹಾಗಾಗಿ ‘ಯಾವುದಾದರೂ ಹಾಡು ಆರಿಸಿ’ ಎಂದು ಬರೆಯಬೇಡಿ, ‘ಫೋನಿನಲ್ಲಿರುವ ಕಡತ ಆರಿಸಿ’ ಎನ್ನಿ. ಹೇಗೂ ನಮ್ಮಲ್ಲಿ ಮೊಬೈಲ್ 30 ಸೆಕೆಂಡ್ ಮೊಳಗಿ ನಿಲ್ಲಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರಲ್ಲೇ ಗೊತ್ತುಮಾಡಿದೆ. ಉದ್ದ ಆಲಾಪನೆ ಇಟ್ಟುಕೊಂಡವರ ಪಲ್ಲವಿ ಬರುವ ಹೊತ್ತಿಗೆ ಕರೆ ಕಡಿದಿರುತ್ತದೆ.

ರಿಂಗ್‌ಟೋನ್ ಎಂದೇ ಇಡುವುದಾದರೆ ಗ್ ಮತ್ತು ಟೋ ನಡುವೆ ಶೂನ್ಯ ಅಗಲದ ಬೆಸೆಯದ ಅಕ್ಷರ ಹಾಕಬೇಕು, ಯುನಿಕೋಡ್ 200ಸಿ. ಹಾಕದಿದ್ದರೆ ‘ರಿಂಗ್ಟೋನ್’ ಆಗಿ ಟ ಒತ್ತಾಗಿ ಕೆಳಗಿಳಿಯುತ್ತದೆ. ಎಲ್ಲ ಸಾಲಿನಲ್ಲೂ ಒಂದೇ ಥರ ಹಾಕಿ. ಒಂದರಲ್ಲಿ ಇದ್ದು ಒಂದರಲ್ಲಿ ಇಲ್ಲವಾದರೆ ಹುಡುಕಾಟಕ್ಕೆ ಅವು ಎರಡು ಪದ.

ಕಿರುಗೆರೆ:
ಹೀಗೆ ಕಳಿಸುತ್ತಿದ್ದೇನೆ: ರಿಂಗ್‌ಟೋನ್, ಮೆಸೇಜ್ ಸದ್ದು, ಅಲಾರಂ ಸದ್ದು, ಹಾಡು. ಬಟನ್‌ಗಳು ‘ಎಲ್ಲ ಕರೆಗೂ ಇಡು’, ‘ಒಬ್ಬರಿಗೆ ಇಡು’. ಫೇಡ್‌ಗೆ ‘ಮೆಲ್ಲಗೆ ಏರಲಿ’, ‘ಮೆಲ್ಲಗೆ ಇಳಿಯಲಿ’. ರಿಂಗ್‌ಟೋನ್ ಆಯ್ಕೆಯ ಕೆಳಗೆ ಸಣ್ಣಕ್ಷರದಲ್ಲಿ ‘ನಿಮ್ಮ ಫೋನಿನಲ್ಲಿ ಮಾತ್ರ ಕೇಳುತ್ತದೆ’.

ಕಿವಿಗೊಟ್ಟವ:
ಬ್ಯಾಂಕಿನ ಆ್ಯಪ್, ಬಸ್ಸಿನ ಆ್ಯಪ್ ಕೂಗುವುದು ಮೆಸೇಜಲ್ಲ. ‘ಸೂಚನೆ ಸದ್ದು’ ಮಾಡಿ. ‘ಒಬ್ಬರಿಗೆ ಇಡು’ ಒತ್ತಿದಾಗ ಸಂಪರ್ಕಪಟ್ಟಿ ತಿದ್ದುವ ಅನುಮತಿ ಕೇಳುತ್ತದೆ, ‘ಎಲ್ಲ ಕರೆಗೂ’ ಒತ್ತಿದರೆ ಸಿಸ್ಟಂ ಸೆಟ್ಟಿಂಗ್ ಬದಲಿಸುವ ಅನುಮತಿಗೆ ಬೇರೆ ಪುಟಕ್ಕೇ ಕರೆದೊಯ್ಯುತ್ತದೆ. ಏಕೆ ಎಂದು ಅಲ್ಲಿ ಒಂದೊಂದು ಸಾಲು ಇಲ್ಲದಿದ್ದರೆ ಜನ ಹೆದರಿ ಹಿಂದೆ ಬರುತ್ತಾರೆ.

ಕಿರುಗೆರೆ:
ಸೂಚನೆ ಸದ್ದು, ಸರಿ. ಅನುಮತಿಯ ಎರಡು ಸಾಲೂ ಸೇರಿಸಿದೆ.

ಅಚ್ಚಗನ್ನಡಿಗ:
‘ಮೆಲ್ಲಗೆ ಏರಲಿ’ ಚೆನ್ನಾಗಿದೆ. ಉಳಿದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.