ಚಿಕ್ಕಪ್ಪ, ಊಟ ಆದಮೇಲೆ ಕೇಳಿ

ಚಿಕ್ಕಪ್ಪ, ನಮಸ್ಕಾರ. ನಿನ್ನೆ ನಾನು ಹಾಕಿದ ಸ್ಟೇಡಿಯಂ ಫೋಟೊ ನೋಡಿ ನೀವು ಗ್ರೂಪಿನಲ್ಲಿ ಕೇಳಿದ್ದಿರಿ, ‘ಎರಡು ದಿನಕ್ಕೆ ಸಿಂಗಪುರದ ತನಕ ಹೋಗಿ ನೋಡುವಂಥದ್ದು ಏನಪ್ಪ ಇದೆ ಆ ರಗ್ಬಿಯಲ್ಲಿ, ಒಬ್ಬರ ಮೇಲೊಬ್ಬರು ಬೀಳೋದು ಬಿಟ್ಟು?’ ಅಂತ. ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಊಟ ಆದಮೇಲೆ ನಿಧಾನವಾಗಿ ಕೇಳಿ.

ದುಡ್ಡಿನ ಮಾತು ಮೊದಲು ಮುಗಿಸಿಬಿಡುತ್ತೇನೆ, ದೊಡ್ಡಮ್ಮನಿಗೂ ಅದೇ ಯೋಚನೆ ಇತ್ತು. ಮಂಡ್ಯದಲ್ಲಿ ಒಟ್ಟಿಗೆ ಓದಿದ ನಾವು ನಾಲ್ಕು ಜನ ಚೀಟಿ ಹಾಕುವ ಹಾಗೆ ತಿಂಗಳು ತಿಂಗಳು ಒಂದಿಷ್ಟು ಎತ್ತಿಡುತ್ತಾ ಬಂದಿದ್ದೆವು. ಸಾಲಗೀಲ ಏನೂ ಮಾಡಿಲ್ಲ. ಶುಕ್ರವಾರ ಅರ್ಧ ದಿನ ರಜೆ ಹಾಕಿ ಮೈಸೂರಿಂದ ಕಾರಿನಲ್ಲಿ ಹೊರಟೆವು. ಮಂಡ್ಯದಲ್ಲಿ ಇಬ್ಬರನ್ನು ಹತ್ತಿಸಿಕೊಂಡೆವು, ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡೆವು. ವಿಮಾನದಲ್ಲಿ ನಾಲ್ಕೂವರೆ ಗಂಟೆ ಅಷ್ಟೇ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಇಳಿದಾಗ ಬೆಳಕು ಹರಿಯುತ್ತಿತ್ತು.

ಅತ್ತೆ, ಊಟಕ್ಕೆ ಏನೂ ತೊಂದರೆ ಆಗಲಿಲ್ಲ. ಸೆರಂಗೂನ್ ರಸ್ತೆಯ ಸುತ್ತ ಲಿಟಲ್ ಇಂಡಿಯಾ ಅಂತ ಇದೆ. ಬಾಳೆಎಲೆ ಊಟ, ಫಿಲ್ಟರ್ ಕಾಫಿ, ಮಲ್ಲಿಗೆ ಹೂವು ಎಲ್ಲಾ ಸಿಗುತ್ತದೆ. ಮದ್ದೂರು ವಡೆ ಮಾತ್ರ ರೈಲಿನಲ್ಲಿ ಬಿಚ್ಚಲಿಲ್ಲ. ಅಲ್ಲಿನ ಮೆಟ್ರೋದಲ್ಲಿ ತಿಂದರೆ 500 ಡಾಲರ್‌ವರೆಗೂ ದಂಡ ಹಾಕುತ್ತಾರೆ.

ಈಗ ಆಟಕ್ಕೆ ಬರುತ್ತೇನೆ ಚಿಕ್ಕಪ್ಪ. ಮಾಮೂಲಿ ರಗ್ಬಿಯಲ್ಲಿ ಒಂದೊಂದು ತಂಡಕ್ಕೆ 15 ಜನ, 80 ನಿಮಿಷ. ನಾವು ನೋಡಿದ್ದು ಸೆವೆನ್ಸ್. ಏಳು ಜನ, ಏಳು ನಿಮಿಷದ ಎರಡು ಅವಧಿ, ಮಧ್ಯೆ ಎರಡೇ ನಿಮಿಷ ಬಿಡುವು. ಏಳು ಜನ ಅಂದ ತಕ್ಷಣ ನನಗೆ ನೆನಪಾಗಿದ್ದು ನಿಮ್ಮ ಕಬಡ್ಡಿ. ಊರಹಬ್ಬದಲ್ಲಿ ನೀವು ಆಡುವಾಗ ನಾನು ನಿಮ್ಮ ಟವೆಲ್ ಹಿಡಿದು ಗೆರೆಯ ಪಕ್ಕ ಕೂತಿರುತ್ತಿದ್ದೆ, ಅಲ್ವಾ? ‘ಎದೆಗೆ ಹೋಗಬೇಡ, ಕಾಲಿಗೆ ಹೋಗು’ ಅಂತ ಹುಡುಗರಿಗೆ ಕೂಗುತ್ತಿದ್ದಿರಿ. ಇಲ್ಲೂ ಅದೇ ವಿದ್ಯೆ. ಭುಜದಿಂದ ಮೇಲೆ ಹಿಡಿದರೆ ತಪ್ಪು. ಅಪಾಯ ಆಗುವ ಹಾಗೆ ಹಿಡಿದವನನ್ನು ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಹದಿನಾಲ್ಕು ನಿಮಿಷದ ಆಟದಲ್ಲಿ ಎರಡು ನಿಮಿಷ ಒಬ್ಬ ಕಮ್ಮಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಕೊಡಬೇಕು, ಮುಂದಕ್ಕೆ ಎಸೆಯುವ ಹಾಗಿಲ್ಲ. ಎದುರಾಳಿ ಕಡೆಯ ಗೋಲ್ ಗೆರೆ ದಾಟಿದರೂ ಸಾಲದು. ಚೆಂಡನ್ನು ನೆಲಕ್ಕೆ ಒತ್ತಬೇಕು, ಆಗಲೇ ಐದು ಅಂಕ. ಅದಾದಮೇಲೆ ಒದ್ದು ಕಂಬಗಳ ನಡುವೆ ದಾಟಿಸಿದರೆ ಇನ್ನೆರಡು. ಫಿಜಿ ಅಂತ ಪೆಸಿಫಿಕ್ ಸಾಗರದಲ್ಲಿ ಒಂದು ದ್ವೀಪದೇಶ ಇದೆ. ಅಲ್ಲಿನ ತಂಡದ ಒಬ್ಬ ಹುಡುಗನನ್ನು ನಮ್ಮ ಕಣ್ಣೆದುರೇ ಇಬ್ಬರು ಹಿಡಿದುಕೊಂಡರು. ಒಬ್ಬ ಸೊಂಟಕ್ಕೆ, ಇನ್ನೊಬ್ಬ ಕಣಕಾಲಿಗೆ. ಮೈಯೆಲ್ಲಾ ನೆಲದ ಕಡೆ ವಾಲಿದೆ, ಬಲಗೈ ಮಾತ್ರ ಹೊರಗಿದೆ. ಬೀಳುತ್ತಾ ಬೀಳುತ್ತಾ ಆ ಒಂದೇ ಕೈಯಲ್ಲಿ ಚೆಂಡನ್ನು ಹಿಂದೆ ಬರುತ್ತಿದ್ದವನಿಗೆ ಕೊಟ್ಟ. ಹಿಂದೆ ತಿರುಗಿ ನೋಡಲೂ ಇಲ್ಲ. ಅವನು ಅಲ್ಲಿ ಬಂದೇ ಬರುತ್ತಾನೆ ಅಂತ ನಂಬಿಕೆ. ಚೆಂಡು ಸಿಕ್ಕವನು ಓಡಿದ್ದು ಓಡಿದ್ದೇ. ನೀವು ಮೂರು ಜನರ ಕೆಳಗೆ ಸಿಕ್ಕಿಕೊಂಡು ಬೆರಳ ತುದಿಯಲ್ಲಿ ನಡುಗೆರೆ ಮುಟ್ಟಿದ ದಿನ ಊರಿನವರೆಲ್ಲ ಎದ್ದು ನಿಂತಿದ್ದರಲ್ಲ, 55,000 ಜನ ಕೂರುವ ಆ ಸ್ಟೇಡಿಯಂನಲ್ಲಿ ನಾನೂ ಹಾಗೇ ಎದ್ದು ನಿಂತೆ.

ಹೆಂಗಸರ ಪಂದ್ಯಗಳೂ ಅದೇ ಮೈದಾನದಲ್ಲೇ, ಒಂದರ ಹಿಂದೆ ಒಂದು. ಅದನ್ನು ನಮ್ಮನೆ ಹೆಣ್ಣುಮಕ್ಕಳು ನೋಡಬೇಕು. ವಿಡಿಯೊ ಬೇರೆ ಹಾಕುತ್ತೇನೆ.

ಆದರೆ ನಿಮಗೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಬೇರೆ. ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ಅರವತ್ತು ದಾಟಿರಬೇಕು. ನಮ್ಮ ಕಡೆಯವರದೇ ಮುಖ, ಮೈಮೇಲೆ ಫಿಜಿಯ ಬಿಳಿ ಜೆರ್ಸಿ. ಮಾತು ಒಂಥರಾ ಹಿಂದಿ, ನಮ್ಮ ಜೊತೆಯವನಿಗೆ ಅರ್ಥವಾಗುತ್ತಿತ್ತು. 1879ರಿಂದ 1916ರವರೆಗೆ ಬ್ರಿಟಿಷರು ಇಲ್ಲಿಂದ ಸುಮಾರು 60,000 ಜನರನ್ನು ಕಬ್ಬಿನ ಗದ್ದೆಯ ಕೂಲಿಗೆ ಅಂತ ಫಿಜಿಗೆ ಸಾಗಿಸಿದ್ದರು. ಐದು ವರ್ಷದ ಕರಾರು. ‘ಅಗ್ರಿಮೆಂಟ್’ ಅನ್ನುವ ಪದ ಆ ಜನರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ನಾವು ಹುಬ್ಬಳ್ಳಿಯಲ್ಲಿ ತಿನ್ನುವ ಗಿರ್ಮಿಟ್ ಬೇರೆ, ಇದು ಕಣ್ಣೀರಿನ ಗಿರ್ಮಿಟ್. ಇವರ ಮುತ್ತಾತ ಮದ್ರಾಸಿನಿಂದ ಹಡಗು ಹತ್ತಿದವರು. ಯಾವ ಊರಿನವರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಂತೆ.

‘ನಿಮ್ಮ ಊರಲ್ಲಿ ಏನು ಬೆಳೆಯುತ್ತಾರೆ?’ ಅಂತ ಕೇಳಿದರು. ಕಬ್ಬು ಅಂದೆ. ಮಂಡ್ಯವನ್ನು ಸಕ್ಕರೆ ನಾಡು ಅಂತಾರೆ, 1933ರಿಂದ ಸಕ್ಕರೆ ಕಾರ್ಖಾನೆ ಇದೆ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಅವರ ಊರು ಲೌಟೋಕ. ಅದನ್ನೂ ಸಕ್ಕರೆ ನಗರ ಅಂತಲೇ ಕರೆಯುತ್ತಾರೆ, ಅಲ್ಲಿನ ಕಾರ್ಖಾನೆ 1903ರದ್ದು. ಕೈ ಬಿಡದೇ ಹೇಳಿದರು, ಅವರ ಅಪ್ಪ ಕೂಡ ಕಬ್ಬು ಕಡಿದವರಂತೆ.

ಆಮೇಲೆ ಪರ್ಸಿನಿಂದ ಒಂದು ನೋಟು ತೆಗೆದು ತೋರಿಸಿದರು. ಏಳು ಡಾಲರ್ ನೋಟು. ಏಳು! 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಫಿಜಿ ಸೆವೆನ್ಸ್ ಫೈನಲ್ ಗೆದ್ದಿತು. ಎದುರಾಳಿ ಯಾರು ಗೊತ್ತಾ? ಬ್ರಿಟನ್. 43–7. ಅಲ್ಲಿಯ ತನಕ ಆ ದೇಶಕ್ಕೆ ಒಂದು ಒಲಿಂಪಿಕ್ ಪದಕವೂ ಬಂದಿರಲಿಲ್ಲ, ಬಂದ ಮೊದಲನೆಯದೇ ಚಿನ್ನ. ಆ ಖುಷಿಗೆ 2017ರಲ್ಲಿ ಈ ನೋಟನ್ನೇ ಅಚ್ಚು ಹಾಕಿದರು. ಇಡೀ ಫಿಜಿಯ ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸು, ಹತ್ತಿರ ಹತ್ತಿರ 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಸಿಟಿಯಲ್ಲಿದ್ದಷ್ಟೇ. ಭಾರತದಿಂದ ಹೋದವರ ಮಕ್ಕಳು ಅಲ್ಲಿ ಜಾಸ್ತಿ ಆಡುವುದು ಫುಟ್‌ಬಾಲ್, ರಗ್ಬಿ ತಂಡದಲ್ಲಿ ಇರುವವರು ಹೆಚ್ಚಾಗಿ ಅಲ್ಲಿನ ಮೂಲದವರೇ. ‘ಆದರೆ ಆ ದಿನ ನಮ್ಮ ಬೀದಿಯಲ್ಲಿ ಯಾರೂ ಒಳಗೆ ಕೂತಿರಲಿಲ್ಲ’ ಅಂದರು. ನೋಟನ್ನು ಮಡಚದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇಟ್ಟುಕೊಂಡಿದ್ದಾರೆ.

ಮನೆಯಲ್ಲೇ ಟಿವಿಯಲ್ಲಿ ನೋಡಿದ್ದರೆ ಆಟ ಸಿಗುತ್ತಿತ್ತು, ಆ ಹಿರಿಯರು ಸಿಗುತ್ತಿರಲಿಲ್ಲ ಚಿಕ್ಕಪ್ಪ.

ಹೊರಡುವಾಗ ಒಂದೇ ಕೇಳಿದರು, ನಿಮ್ಮ ಕಡೆ ಈಗಲೂ ಬೆಲ್ಲ ಮಾಡುತ್ತಾರಾ ಅಂತ. ಆಲೆಮನೆ ಇದೆ, ನಮ್ಮ ಚಿಕ್ಕಪ್ಪನ ಕಬ್ಬು ಅಲ್ಲಿಗೇ ಹೋಗುತ್ತದೆ ಅಂದೆ. ನಂಬರ್ ತೆಗೆದುಕೊಂಡಿದ್ದರು, ಇವತ್ತು ಬೆಳಗ್ಗೆ ಮೆಸೇಜ್ ಬಂದಿದೆ. ಈ ಸಲ ನಿಮ್ಮ ಕಬ್ಬು ಕಡಿಯುವುದು ಯಾವಾಗ ಹೇಳಿ, ನಾನೇ ಮೈಸೂರಿಂದ ಬರುತ್ತೇನೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವುದು, ಅಚ್ಚಿಗೆ ಹೊಯ್ಯುವುದು ಎಲ್ಲಾ ವಿಡಿಯೊ ಮಾಡಿ ಅವರಿಗೆ ಕಳಿಸಬೇಕು. ನೀವೂ ಪಕ್ಕದಲ್ಲಿ ನಿಂತು ಎರಡು ಮಾತು ಆಡಿ. ಕನ್ನಡದಲ್ಲೇ ಆಡಿ, ಪರವಾಗಿಲ್ಲ.