ಅಕೌಂಟ್ ಡಿಲೀಟ್ ಮಾಡ್ಬೇಡ, ಮೊದ್ಲು ಇದನ್ನ ಪೂರ್ತಿ ಕೇಳು

ಪುಟ್ಟಿ, ನಮ್ಮ ಮನೆಯೋರ ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡ್ದೆ ಕಣೇ. ಎರಡನೇ ಸುತ್ತಿನ ಇಂಟರ್‌ವ್ಯೂ ಇದೆ, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎಲ್ಲಾ ತೆಗೆದುಬಿಡ್ಲಾ ಅಂತ ಕೇಳಿದ್ದೀಯ. ಚಿಕ್ಕಪ್ಪ ಅದರ ಕೆಳಗೇ "ಅಳಿಸಿ ಬಿಸಾಕು, ತಲೆನೋವೇ ಇರಲ್ಲ" ಅಂದಿದ್ದಾರೆ. ಇದನ್ನೆಲ್ಲ ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ಬಾಯಲ್ಲೇ ಹೇಳ್ತೀನಿ.

ಡಿಲೀಟ್ ಬೇಡ. ಚಿಕ್ಕಪ್ಪ, ಬೇಜಾರ್ ಮಾಡ್ಕೋಬೇಡಿ. ನಾನೂ ಆಫೀಸಲ್ಲಿ ಇಂಟರ್‌ವ್ಯೂ ತಗೊಳ್ಳೋಕೆ ಕೂರ್ತೀನಲ್ಲ, ಟ್ರಿಪ್ಪಿನ ಫೋಟೋ, ಕುಣಿದಿರೋ ರೀಲು ಕಂಡ್ರೆ ಅಲ್ಲಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ನೋಡಿದೋರ ಮನಸ್ಸಲ್ಲಿ ಉಳಿಯೋದೇ ಬೇರೆ. ಒಂದ್ಸಲ ಒಬ್ಬ ಹುಡುಗ ಬಂದಿದ್ದ, ಕೆಲಸದಲ್ಲಿ ಚುರುಕು, ಮಾತೂ ಚೆನ್ನಾಗಿತ್ತು. ಅವನ ಪಬ್ಲಿಕ್ ಪೋಸ್ಟ್ ಒಂದ್ರಲ್ಲಿ ಹಳೇ ಕಂಪನಿಯ ಗ್ರಾಹಕರು ಕಳಿಸಿದ್ದ ಮೇಲ್‌ನ ಸ್ಕ್ರೀನ್‌ಶಾಟ್ ಹಾಕಿ, ಅವರ ಕಾಗುಣಿತ ಹಿಡ್ಕೊಂಡು ಆಡ್ಕೊಂಡಿದ್ದ. ಹೆಸರಿನ ಮೇಲೆ ಎಳೆದಿದ್ದ ಕಪ್ಪು ಗೆರೆ ಅರ್ಧ ಹೆಸರನ್ನ ಮಾತ್ರ ಮುಚ್ಚಿತ್ತು. "ನಾಳೆ ನಮ್ಮ ಗ್ರಾಹಕರದ್ದೂ ಹೀಗೇ ಬರುತ್ತೆ" ಅಂತ ನನ್ನ ಪಕ್ಕದಲ್ಲಿದ್ದವರು ಅಂದ್ರು. ಮಾತು ಅಲ್ಲಿಗೇ ಮುಗೀತು.

"ನನಗಿರೋದೇ ಇನ್ನೂರು ಫಾಲೋವರ್ಸ್, ಯಾರು ನೋಡ್ತಾರೆ" ಅಂತಾನೂ ಬರೆದಿದ್ದೀಯ. 2013ರಲ್ಲಿ ಒಬ್ಬ ಹೆಂಗಸು ಲಂಡನ್ನಲ್ಲಿ ವಿಮಾನ ಹತ್ತೋಕೆ ಮುಂಚೆ ಟ್ವಿಟ್ಟರಲ್ಲಿ ಒಂದು ಕೆಟ್ಟ ಜೋಕ್ ಹಾಕಿದ್ಲು. ಅವಳಿಗಿದ್ದಿದ್ದು ಸುಮಾರು 170 ಜನ ಫಾಲೋವರ್ಸ್. ಹನ್ನೊಂದು ಗಂಟೆ ಪ್ರಯಾಣ ಮುಗಿಸಿ ಕೇಪ್ ಟೌನಲ್ಲಿ ಇಳಿಯೋ ಹೊತ್ತಿಗೆ ಪ್ರಪಂಚವೆಲ್ಲ ಅವಳನ್ನ ಬೈತಿತ್ತು, ಆಮೇಲೆ ಕೆಲಸಾನೂ ಹೋಯ್ತು. ಮಾಡ್ತಿದ್ದಿದ್ದೇ ಸಾರ್ವಜನಿಕ ಸಂಪರ್ಕದ ಕೆಲಸ, ನೋಡು! ಪ್ರೈವೇಟ್ ಗ್ರೂಪ್ ಅಂತ ಧೈರ್ಯ ತಗೊಳ್ಳೋಕೂ ಆಗಲ್ಲ. 2017ರಲ್ಲಿ ಹಾರ್ವರ್ಡ್‌ನವರು ಕನಿಷ್ಠ ಹತ್ತು ಮಕ್ಕಳಿಗೆ ಕೊಟ್ಟಿದ್ದ ಸೀಟು ವಾಪಸ್ ತಗೊಂಡಿದ್ದು ಒಂದು ಖಾಸಗಿ ಫೇಸ್‌ಬುಕ್ ಗ್ರೂಪಲ್ಲಿ ಹಂಚ್ಕೊಂಡ ಮೀಮ್‌ಗಳಿಗೆ.

ಈಗ ನೀನು ಮಾಡ್ಬೇಕಾದ್ದು. ಲಾಗ್‌ಔಟ್ ಆಗಿ ನಿನ್ನ ಹೆಸರನ್ನ ನೀನೇ ಹುಡುಕು, ಹಿಂದೆ ಊರಿನ ಹೆಸರು, ಕಾಲೇಜಿನ ಹೆಸರು ಸೇರಿಸಿ ಇನ್ನೊಂದ್ಸಲ ಹುಡುಕು. ನಿನ್ನ ಗುರುತಿಲ್ಲದೋರಿಗೆ ಏನು ಕಾಣುತ್ತೋ ಅದನ್ನ ಮಾತ್ರ ನೋಡು. ಫೇಸ್‌ಬುಕ್ ಸೆಟ್ಟಿಂಗ್ಸಲ್ಲಿ ಹಳೇ ಪೋಸ್ಟುಗಳನ್ನೆಲ್ಲ ಒಟ್ಟಿಗೇ ಫ್ರೆಂಡ್ಸಿಗೆ ಮಾತ್ರ ಕಾಣೋ ಹಾಗೆ ಮಾಡೋ ಆಯ್ಕೆ ಇದೆ, ಆದ್ರೆ ಒತ್ತಿದ ಮೇಲೆ ಒಟ್ಟಿಗೇ ಮೊದಲಿನ ಹಾಗೆ ಮಾಡೋಕಾಗಲ್ಲ. ಬೇರೆಯೋರು ಟ್ಯಾಗ್ ಮಾಡಿದ್ದು ನಿನ್ನ ಒಪ್ಪಿಗೆ ಇಲ್ದೆ ನಿನ್ನ ಪ್ರೊಫೈಲಲ್ಲಿ ಬರದ ಹಾಗೂ ಮಾಡ್ಕೋ, ಎರಡೂ ಕಡೆ ಅದಿದೆ. ಇನ್‌ಸ್ಟಾ ಪ್ರೈವೇಟ್ ಮಾಡಿದ್ರೂ ನಿನ್ನ ಡಿಪಿ, ಬಯೋ ಎಲ್ಲರಿಗೂ ಕಾಣುತ್ತೆ. ಪಬ್ಲಿಕ್ ಪೇಜುಗಳ ಕೆಳಗೆ ಹೋಗಿ ಜಗಳ ಆಡಿರೋ ಕಾಮೆಂಟೂ ಕಾಣುತ್ತೆ. ಆಡಿದ್ದೀಯ ಅಂತ ಗೊತ್ತು, ಕ್ರಿಕೆಟ್ ಮ್ಯಾಚ್ ದಿನ ನಾನೇ ನೋಡಿದ್ದೀನಿ.

ವಾಟ್ಸಾಪನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ನಿನ್ನ ನಂಬರ್ ಎಚ್‌ಆರ್ ಹತ್ರ ಇದೆ, ಡಿಪಿ ಅಡಿಯಲ್ಲಿ "ಸೋಮವಾರ ಅಂದ್ರೆ ಮೈ ಉರಿಯುತ್ತೆ" ಅಂತ ಇನ್ನೂ ಇದೆ. ಅದನ್ನ ಇವತ್ತೇ ತೆಗಿ.

ಇನ್ನೊಂದು, ಕೆಲಸ ಸಿಕ್ಕ ಮೊದಲ ದಿನ ಐಡಿ ಕಾರ್ಡ್ ಹಾಕ್ಕೊಂಡು ಡೆಸ್ಕ್ ಮುಂದೆ ಸೆಲ್ಫಿ ತಗೊಂಡು ಹಾಕೋ ಆಸೆ ಆಗುತ್ತೆ. ನಾನೂ ಹಾಕಿದ್ದೆ, ಹಿಂದಿನ ಮಾನಿಟರಲ್ಲಿ ಸಂಬಳದ ಎಕ್ಸೆಲ್ ಶೀಟ್ ತೆರೆದಿತ್ತು. ಒಬ್ಬ ಸಹೋದ್ಯೋಗಿ ಓಡಿ ಬಂದು ತೆಗೆಸಿದ್ಲು. ನಾನೇ ದಡ್ಡಿ ಅಂತ ಅಂದ್ಕೋಬೇಡ. 2012ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ವಾಯುಪಡೆಯಲ್ಲಿ ಕೆಲಸ ಮಾಡೋ ಫೋಟೋ ಬಿಡುಗಡೆ ಮಾಡಿದ್ರಲ್ಲ, ಅದರ ಹಿಂದಿನ ಗೋಡೆಯಲ್ಲಿ ಪಾಸ್‌ವರ್ಡ್ ಅಂಟಿಸಿದ್ದು ಕಾಣ್ತಿತ್ತು, ಪಾಪ, ಅವರೂ ಎಲ್ಲಾ ಬದಲಾಯಿಸ್ಬೇಕಾಯ್ತು.

ಈಗ ದೊಡ್ಡೋರಿಗೆ ಒಂದು ಮಾತು, ಕೋಪ ಮಾಡ್ಕೋಬೇಡಿ. ಪುಟ್ಟಿ ಎಷ್ಟು ಹುಷಾರಾಗಿದ್ರೂ ನಾವು ಬಿಡಬೇಕಲ್ಲ! ನನಗೆ ಪ್ರಮೋಷನ್ ಆದಾಗ ಲಿಂಕ್ಡ್‌ಇನ್‌ನಲ್ಲಿ ಹಾಕಿದ್ದೆ, ಅದರ ಕೆಳಗೆ ಅತ್ತೆ ಪ್ರೀತಿಯಿಂದ ಬರೆದಿದ್ರು: "ಮೂರನೇ ಕ್ಲಾಸಲ್ಲಿ ಲೆಕ್ಕದಲ್ಲಿ ಫೇಲಾಗಿ ಮಂಚದ ಕೆಳಗೆ ಅಡಗಿದ್ದ ನಮ್ಮ ಗುಂಡು ಇವಳೇನಾ?" ನಾನಿರೋದು ಅಕೌಂಟ್ಸ್ ವಿಭಾಗದಲ್ಲಿ. ಆ ಕಾಮೆಂಟಿಗೆ ನಮ್ಮ ಮ್ಯಾನೇಜರ್ ಲೈಕ್ ಒತ್ತಿದ್ರು. ಈಗ್ಲೂ ಆಡಿಟ್ ಬಂದಾಗ "ಗುಂಡು, ಮಂಚದ ಕೆಳಗೆ ನೋಡ್ಲಾ" ಅಂತಾರೆ. ಆ ಥರ ಪ್ರೀತಿ ಈ ಗ್ರೂಪಲ್ಲಿ ಎಷ್ಟು ಬೇಕಾದ್ರೂ ತೋರಿಸಿ, ಅಲ್ಲಿ "ಅಭಿನಂದನೆ" ಅಂದ್ರೆ ಸಾಕು.

ಮತ್ತೆ ಅತ್ತೆ, ನಿನ್ನೆ ನಿಮ್ಮ ಫೇಸ್‌ಬುಕ್ಕಲ್ಲಿ ಕಂಪನಿ ಹೆಸರು ಹಾಕಿ, ಪುಟ್ಟಿನ ಟ್ಯಾಗ್ ಮಾಡಿ "ನಮ್ಮ ಮಗುಗೆ ಕೆಲಸ ಸಿಕ್ತು" ಅಂತ ಬರೆದಿದ್ದೀರಿ. ಅವಳಿಗಿನ್ನೂ ಎರಡನೇ ಸುತ್ತೇ ಆಗಿಲ್ಲ. ದಯವಿಟ್ಟು ಅದನ್ನ ಈಗ್ಲೇ ತೆಗೀರಿ, ಹೇಗೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಫೋನ್ ಮಾಡಿ, ನಾನು ಎದ್ದಿರ್ತೀನಿ.